ಕಡಲ ತೀರದಲ್ಲಿ ವಾಸ, ದೂರದ ಕಚೇರಿಗೆ ದುಡಿಮೆ: ಮಂಗಳೂರಿನಲ್ಲಿ ನೆಲೆಸುವವರು ತಿಳಿದಿರಬೇಕಾದ ಸಂಗತಿಗಳು

ಮಂಗಳೂರು: ಕಚೇರಿ ಒಂದು ಊರಿನಲ್ಲಿ, ಉದ್ಯೋಗಿ ಇನ್ನೊಂದು ಊರಿನಲ್ಲಿ ಇದ್ದು ದುಡಿಯುವ ಕ್ರಮ 2020ರ ಮಾರ್ಚ್‌ವರೆಗೆ ಕೆಲವೇ ಕಂಪನಿಗಳ ಕೆಲವೇ ಮಂದಿಗೆ ದೊರೆಯುತ್ತಿದ್ದ ಸವಲತ್ತಾಗಿತ್ತು. ಕೋವಿಡ್ ಲಾಕ್‌ಡೌನ್ ಅದನ್ನು ಅನಿವಾರ್ಯವಾಗಿಸಿತು. ಬೆಂಗಳೂರಿನ ಬಾಡಿಗೆ ಮನೆಗಳನ್ನು ತೆರವು ಮಾಡಿ ತವರು ಜಿಲ್ಲೆಗಳಿಗೆ ಮರಳಿದ ತಂತ್ರಾಂಶ ಉದ್ಯೋಗಿಗಳಲ್ಲಿ ದಕ್ಷಿಣ ಕನ್ನಡ ಹಾಗೂ ಉಡುಪಿಯವರೂ ಇದ್ದರು. ಸೋಂಕು ತಗ್ಗಿದ ಬಳಿಕ ಹಲವರು ಮತ್ತೆ ಘಟ್ಟ ಹತ್ತಿದರು. ಕೆಲವರು ಇಲ್ಲಿಯೇ ಉಳಿದರು. ಕರಾವಳಿಯ ನಂಟಿಲ್ಲದ ಊರುಗಳವರೂ ಈಗ ಕಡಲ ತೀರದಲ್ಲಿ ಕೆಲಕಾಲ ನೆಲೆಸಿ ದುಡಿಯುವ ಯೋಚನೆ ಮಾಡುವುದುಂಟು.

ಇಂತಹ ಬದುಕಿಗೆ ಮಂಗಳೂರು ತಕ್ಕ ಊರೇ ಎಂಬ ಪ್ರಶ್ನೆಗೆ ಮರಳಿನ ದಂಡೆಯನ್ನು ನೋಡಿ ಉತ್ತರಿಸಲಾಗದು. ಮಳೆಗಾಲದ ವಿದ್ಯುತ್, ಬೇಸಿಗೆಯ ನೀರು, ಘಟ್ಟದ ದಾರಿ ಹಾಗೂ ಕಂಪನಿ ನೀಡುವ ಪತ್ರ, ಈ ನಾಲ್ಕರ ಮೇಲೆ ಇಲ್ಲಿನ ವಾಸದ ಅವಧಿ ನಿರ್ಧಾರವಾಗುತ್ತದೆ.

ಕೆರಿಬಿಯನ್ ದ್ವೀಪದ ಮಾದರಿ

ಕಡಲ ತೀರದಿಂದ ದುಡಿಯುವ ಕಲ್ಪನೆಗೆ ವ್ಯಾಪಕ ಪ್ರಚಾರ ತಂದುಕೊಟ್ಟ ದೇಶಗಳಲ್ಲಿ ಕೆರಿಬಿಯನ್ ಸಮುದ್ರದ ಅಂಚಿನ ಬಾರ್ಬಡೋಸ್ ಮುಖ್ಯವಾದುದು. ಪ್ರವಾಸಿಗರಿಲ್ಲದೆ ಹೋಟೆಲುಗಳು ಬರಿದಾಗಿದ್ದ 2020ರ ಜುಲೈನಲ್ಲಿ ಅಲ್ಲಿನ ಸರ್ಕಾರ 'ವೆಲ್‌ಕಂ ಸ್ಟ್ಯಾಂಪ್' ಎಂಬ 12 ತಿಂಗಳ ವೀಸಾ ಆರಂಭಿಸಿತು. ಬೇರೆ ದೇಶದ ಕಂಪನಿಯಿಂದ ವರ್ಷಕ್ಕೆ ಕನಿಷ್ಠ 50 ಸಾವಿರ ಡಾಲರ್ ಆದಾಯ ನಿರೀಕ್ಷಿಸುವವರು 2 ಸಾವಿರ ಡಾಲರ್ ಶುಲ್ಕ ತೆತ್ತು ಅಲ್ಲಿ ನೆಲೆಸಬಹುದೆಂಬುದು ಯೋಜನೆಯ ತಿರುಳು. ಓಯಿಸ್ಟಿನ್ಸ್‌ನಂತಹ ಮೀನುಗಾರರ ಸಣ್ಣ ಪಟ್ಟಣಗಳಲ್ಲಿ ಲ್ಯಾಪ್‌ಟಾಪ್ ಹಿಡಿದ ಅತಿಥಿಗಳು ತಿಂಗಳುಗಟ್ಟಲೆ ಉಳಿಯಲು ಇದರಿಂದ ಅವಕಾಶವಾಯಿತು.

ಬಾರ್ಬಡೋಸ್‌ಗೆ ಇನ್ನೊಂದು ಅನುಕೂಲವಿದೆ. ಅಲ್ಲಿನ ಗಡಿಯಾರಕ್ಕೂ ನ್ಯೂಯಾರ್ಕಿನ ಗಡಿಯಾರಕ್ಕೂ ಹೆಚ್ಚೆಂದರೆ ಒಂದು ಗಂಟೆಯ ಅಂತರ. ಅಮೆರಿಕದ ಕಂಪನಿಗೆ ದುಡಿಯುವವನು ಹಗಲು ಕೆಲಸ ಮುಗಿಸಿ ಸಂಜೆ ಕಡಲಿಗೆ ಇಳಿಯಬಹುದು. ಮಂಗಳೂರಿನಲ್ಲಿ ಕುಳಿತು ಅದೇ ಕೆಲಸ ಮಾಡುವವನಿಗೆ ನ್ಯೂಯಾರ್ಕಿನ ಬೆಳಗಿನ 9 ಗಂಟೆಯೆಂದರೆ ಸಂಜೆ 6.30 ಅಥವಾ 7.30, ಕೆಲಸ ಮುಗಿಯುವಾಗ ನಡುರಾತ್ರಿ ಕಳೆದಿರುತ್ತದೆ. ಲಂಡನ್ ಕಂಪನಿಯಾದರೆ ಮಧ್ಯಾಹ್ನ ಆರಂಭವಾಗಿ ರಾತ್ರಿ ಮುಗಿಯುತ್ತದೆ. ಬೆಂಗಳೂರಿನ ಕಚೇರಿಗೆ ದುಡಿಯುವವರಿಗೆ ಮಾತ್ರ ಸಂಜೆಯ ಕಡಲು ದಕ್ಕೀತು.

ಊರು ಬಿಟ್ಟವರ ಜಿಲ್ಲೆ

ಬಾರ್ಬಡೋಸ್ ಹೊರಗಿನವರನ್ನು ಕರೆಯಿತು. ಕರಾವಳಿಯ ಮಟ್ಟಿಗೆ ದೂರದಿಂದಲೇ ದುಡಿಯುವುದೆಂದರೆ ಹೊರಟು ಹೋದವರು ಮರಳುವ ದಾರಿ. ಮುಂಬಯಿಯ ಹೋಟೆಲುಗಳಿಗೆ, ಬಳಿಕ ಕೊಲ್ಲಿ ರಾಷ್ಟ್ರಗಳಿಗೆ, ಆನಂತರ ಬೆಂಗಳೂರಿಗೆ ಇಲ್ಲಿನ ಯುವಜನರು ತಲೆಮಾರುಗಳಿಂದ ಹೋಗುತ್ತಲೇ ಇದ್ದಾರೆ. ವಿದ್ಯೆಗೆ ಇಲ್ಲಿ ಕೊರತೆಯಿರಲಿಲ್ಲ. ಸೇಂಟ್ ಅಲೋಶಿಯಸ್ ಕಾಲೇಜು 1880ರಲ್ಲಿ, ಕಸ್ತೂರಬಾ ವೈದ್ಯಕೀಯ ಕಾಲೇಜು 1950ರ ದಶಕದಲ್ಲಿ, ಸುರತ್ಕಲ್‌ನ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾದವು. ಕೊನೆಯದು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಓದಿದವರೆಲ್ಲರಿಗೂ ಸಾಕಾಗುವಷ್ಟು ಉದ್ಯೋಗ ಮಾತ್ರ ಊರಿನಲ್ಲಿ ಇರಲಿಲ್ಲ.

ಇದ್ದ ಕಚೇರಿಗಳೂ ಕ್ರಮೇಣ ಕೈಬಿಟ್ಟವು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಹಾಗೂ 1931ರಲ್ಲಿ ಇಲ್ಲಿಯೇ ಹುಟ್ಟಿದ ವಿಜಯಾ ಬ್ಯಾಂಕ್‌ಗಳ ಪ್ರಧಾನ ಕಚೇರಿಗಳು ಬೆಂಗಳೂರು ಸೇರಿದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕಾರ್ಪೊರೇಷನ್ ಬ್ಯಾಂಕ್ ಮರುವರ್ಷ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. 1924ರಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕ್ ಮಾತ್ರ ಇಂದಿಗೂ ಇಲ್ಲಿಂದಲೇ ನಡೆಯುತ್ತಿದೆ.

ಈ ಹಿನ್ನೆಲೆಯಲ್ಲಿ ನೋಡಿದಾಗ, ಕಚೇರಿ ಎಲ್ಲಿಯೇ ಇರಲಿ, ಸಂಬಳ ಊರಿಗೆ ಬರುವಂತಾದುದು ಸಣ್ಣ ಬದಲಾವಣೆಯಲ್ಲ. ಕೊಲ್ಲಿಯಿಂದಲೂ ಮುಂಬಯಿಯಿಂದಲೂ ಹಣ ಬರುತ್ತಿತ್ತು, ಆದರೆ ದುಡಿಯುವವರು ಬರುತ್ತಿರಲಿಲ್ಲ. ವಯಸ್ಸಾದ ತಂದೆತಾಯಿ ಮಾತ್ರ ಉಳಿದ ಮನೆಗಳಿಗೆ ಈ ವ್ಯತ್ಯಾಸದ ಬೆಲೆ ತಿಳಿದಿದೆ.

ಇಲ್ಲಿ ಕುಳಿತು ಜಗತ್ತಿಗೆ ತಂತ್ರಾಂಶ ರಚಿಸುವ ಕೆಲಸ ಕೋವಿಡ್ ಕಾಲದಲ್ಲಿ ಹುಟ್ಟಿದ್ದಲ್ಲ ಎಂಬುದನ್ನೂ ಗಮನಿಸಬೇಕು. ಇನ್ಫೊಸಿಸ್ 1990ರ ದಶಕದಲ್ಲಿಯೇ ಮಂಗಳೂರಿನಲ್ಲಿ ತನ್ನ ಕೇಂದ್ರ ತೆರೆಯಿತು. ಬಳಿಕ ಮುಡಿಪುವಿನಲ್ಲಿ ದೊಡ್ಡ ಆವರಣ ನಿರ್ಮಿಸಿತು. ಉಡುಪಿಯಲ್ಲಿ 1996ರಲ್ಲಿ ಆರಂಭವಾದ ರೋಬೊಸಾಫ್ಟ್ ಅಲ್ಲಿಂದಲೇ ವಿದೇಶಿ ಗ್ರಾಹಕರಿಗೆ ಕೆಲಸ ಮಾಡಿಕೊಟ್ಟಿತು. ರಾಜ್ಯ ಸರ್ಕಾರದ 'ಬಿಯಾಂಡ್ ಬೆಂಗಳೂರು' ಕಾರ್ಯಕ್ರಮದಲ್ಲಿ ಮಂಗಳೂರು, ಉಡುಪಿ, ಮಣಿಪಾಲಗಳನ್ನು ಒಂದು ಗುಚ್ಛವಾಗಿ ಗುರುತಿಸಲಾಗಿದೆ.

ಎಲ್ಲಿ ನೆಲೆಸಬಹುದು

ಮಂಗಳೂರಿನ ಕಡಲ ತೀರ ಒಂದೇ ಬಗೆಯದಲ್ಲ. ನಗರದ ಉತ್ತರಕ್ಕೆ ತಣ್ಣೀರುಬಾವಿ, ಪಣಂಬೂರು, ಸುರತ್ಕಲ್, ಮುಕ್ಕ, ಸಸಿಹಿತ್ಲು. ನೇತ್ರಾವತಿಯ ದಕ್ಷಿಣಕ್ಕೆ ಉಳ್ಳಾಲ ಮತ್ತು ಸೋಮೇಶ್ವರ. ಪಣಂಬೂರಿನ ಪಕ್ಕದಲ್ಲಿಯೇ ನವಮಂಗಳೂರು ಬಂದರು, ಅದರ ಆಚೆ ಬೈಕಂಪಾಡಿಯ ಕೈಗಾರಿಕೆಗಳು ಇರುವುದರಿಂದ ಹೆದ್ದಾರಿಯಲ್ಲಿ ಲಾರಿಗಳ ಸಂಚಾರ ಹಗಲಿರುಳೂ ಇರುತ್ತದೆ. ತಣ್ಣೀರುಬಾವಿಗೆ ನಗರದ ಸುಲ್ತಾನ್ ಬತ್ತೇರಿಯಿಂದ ಫಲ್ಗುಣಿ ನದಿ ದಾಟಿಸುವ ದೋಣಿ ಹತ್ತಿರದ ದಾರಿ. ಸುರತ್ಕಲ್‌ನಲ್ಲಿ ಕಾಲೇಜು, ಆಸ್ಪತ್ರೆ, ಮಾರುಕಟ್ಟೆ ಎಲ್ಲವೂ ಇದ್ದು, ಅದು ಸ್ವತಂತ್ರ ಪಟ್ಟಣದಂತೆಯೇ ಬೆಳೆದಿದೆ.

ನಗರದಿಂದ ದೂರವಾದರೂ ಶಾಂತವಾದುದು ಸಸಿಹಿತ್ಲು. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಈ ತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದ ಬಳಿಕ ಹೊರಗಿನವರಿಗೆ ಪರಿಚಿತವಾಯಿತು. ದಿನನಿತ್ಯದ ಸಾಮಗ್ರಿಗೆ ಮೂಲ್ಕಿ ಅಥವಾ ಸುರತ್ಕಲ್‌ಗೆ ಬರಬೇಕಾಗುತ್ತದೆ.

ಉಳ್ಳಾಲ, ಸೋಮೇಶ್ವರ ಪರಿಸರದಲ್ಲಿ ಮನೆ ಹುಡುಕುವವರು ಕಡಲ್ಕೊರೆತವನ್ನು ಮರೆಯಬಾರದು. ಮಳೆಗಾಲದಲ್ಲಿ ಇಲ್ಲಿನ ತೀರದ ತೆಂಗಿನ ಮರಗಳೂ ಮನೆಗಳೂ ಅಲೆಗೆ ಬಲಿಯಾದ ವರ್ಷಗಳಿವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಉಳ್ಳಾಲದಲ್ಲಿ ತಡೆ ಕಾಮಗಾರಿಗಳು ನಡೆದಿವೆ. ಆದರೂ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಈ ಭಾಗಕ್ಕೆ ಹಾನಿ ಮಾಡಿತು. ಕಡಲು ಕಾಣುವ ಮನೆಗಿಂತ ಕಡಲಿಗೆ ನಡೆದು ಹೋಗಬಹುದಾದಷ್ಟು ಒಳಗಿರುವ ಮನೆ ಲೇಸು. ಉಪ್ಪುಗಾಳಿಗೆ ಕಿಟಕಿಯ ಕಬ್ಬಿಣದಂತೆಯೇ ಕಂಪ್ಯೂಟರಿನ ಬಿಡಿಭಾಗಗಳೂ ಬೇಗ ತುಕ್ಕು ಹಿಡಿಯುತ್ತವೆ.

ಮಳೆಗಾಲ ಮತ್ತು ವಿದ್ಯುತ್

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾದರೆ ಮಂಗಳೂರಿನಲ್ಲಿ ಸರಾಸರಿ 3,500 ಮಿಲಿಮೀಟರ್‌ಗೂ ಅಧಿಕ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಗಾಳಿಗೆ ಮರ ಬಿದ್ದು ತಂತಿ ಕಡಿಯುವುದು, ಕಂಬ ಉರುಳುವುದು ಪ್ರತಿವರ್ಷದ ಅನುಭವ. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು ಇನ್ನೂ ಅಪಾಯಕಾರಿ. ಮೊಡೆಮ್ ಸುಟ್ಟುಹೋಗುವುದು ಈ ಕಾಲದಲ್ಲಿ ಸಾಮಾನ್ಯ.

ವಿದ್ಯುತ್ ವಿತರಣೆಯ ಹೊಣೆ 2002ರಲ್ಲಿ ಸ್ಥಾಪನೆಯಾದ ಮೆಸ್ಕಾಂನದು. ದೂರಿಗೆ 1912 ಸಂಖ್ಯೆಗೆ ಕರೆ ಮಾಡಬೇಕು. ಮನೆಯಿಂದ ದುಡಿಯುವವರು ದೂರಿನ ಪರಿಹಾರಕ್ಕೆ ಕಾಯುವಂತಿಲ್ಲ. ಇನ್ವರ್ಟರ್, ಎರಡು ಬೇರೆ ಬೇರೆ ಸಂಸ್ಥೆಗಳ ಅಂತರ್ಜಾಲ ಸಂಪರ್ಕ, ಗುಡುಗು ಕೇಳಿದೊಡನೆ ಪ್ಲಗ್ ಕಳಚುವ ಅಭ್ಯಾಸ, ಈ ಮೂರು ಇಲ್ಲಿ ಕನಿಷ್ಠ ಅಗತ್ಯ. ಎರಡನೆಯ ಸಂಪರ್ಕ ಮೊಬೈಲ್ ಜಾಲದ್ದಾದರೆ, ಆ ಮನೆಯ ಒಳಗೆ ಯಾವ ಸಂಸ್ಥೆಯ ಸಂಕೇತ ಸಿಗುತ್ತದೆ ಎಂದು ಮುಂಗಡ ಕೊಡುವ ಮೊದಲೇ ಪರೀಕ್ಷಿಸುವುದು ಒಳಿತು.

ಕಡಲನ್ನು ನೆಚ್ಚಿ ಬರುವವರಿಗೆ ಮಳೆಗಾಲ ನಿರಾಸೆ ತರಬಹುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಆ ದಿನಗಳಲ್ಲಿ ಕಡಲು ಪ್ರಕ್ಷುಬ್ಧವಾಗಿರುತ್ತದೆ. ತೀರಗಳಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ಊರಿನ ಆಟ, ಕೋಲ, ಜಾತ್ರೆಗಳೂ ಮೇ ತಿಂಗಳ ಪತ್ತನಾಜೆಯೊಂದಿಗೆ ಮುಗಿದು ಮಳೆ ಕಳೆದ ಮೇಲೆಯೇ ಮತ್ತೆ ಆರಂಭವಾಗುತ್ತವೆ. ಮೊದಲ ಬಾರಿಗೆ ಬರುವವರು ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿಯನ್ನು ಆರಿಸಿಕೊಳ್ಳಬಹುದು. ಆದರೆ ನೆಲೆಸುವ ತೀರ್ಮಾನವನ್ನು ಒಂದು ಜುಲೈ ಕಳೆದ ಮೇಲೆಯೇ ಕೈಗೊಳ್ಳುವುದು ವಿವೇಕ.

ಬೇಸಿಗೆಯ ನೀರು

ಇಷ್ಟು ಮಳೆಯಾಗುವ ಊರಿನಲ್ಲಿ ನೀರಿಗೆ ಬರವೆಂದರೆ ಹೊಸಬರು ನಂಬುವುದಿಲ್ಲ. ನಗರಕ್ಕೆ ನೀರು ಬರುವುದು ಬಂಟ್ವಾಳ ತಾಲ್ಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷಗಳಲ್ಲಿ ನದಿಯ ಹರಿವು ನಿಂತು ಅಣೆಕಟ್ಟಿನ ಮಟ್ಟ ಇಳಿಯುತ್ತದೆ. 2019ರಲ್ಲಿಯೂ 2023ರಲ್ಲಿಯೂ ಬೇಸಿಗೆಯಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಬಾವಿಯಿರುವ ಮನೆ ಸಿಕ್ಕಿದರೆ ನೆಮ್ಮದಿ. ಆದರೆ ತೀರಕ್ಕೆ ತೀರ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪುನೀರು ಸೇರುವುದುಂಟು. ಬಾವಿಯ ನೀರು ಮೇ ತಿಂಗಳಲ್ಲಿ ಹೇಗಿರುತ್ತದೆ ಎಂದು ನೆರೆಮನೆಯವರನ್ನು ಕೇಳಿ ತಿಳಿಯಬೇಕು.

ಘಟ್ಟ ದಾಟುವ ದಾರಿ

ತಿಂಗಳಿಗೊಮ್ಮೆ ಬೆಂಗಳೂರಿನ ಕಚೇರಿಗೆ ಹಾಜರಾಗಬೇಕಾದವರಿಗೆ ಸುಮಾರು 350 ಕಿಲೋಮೀಟರ್ ದೂರದ ಪ್ರಯಾಣ ಮುಖ್ಯ ಸಂಗತಿ. ರಾತ್ರಿಯ ಬಸ್ಸು, ರೈಲು, ಬಜಪೆಯಿಂದ ವಿಮಾನ, ಮೂರೂ ಇವೆ. ಮಳೆಗಾಲದಲ್ಲಿ ಯಾವುದನ್ನೂ ಪೂರ್ಣವಾಗಿ ನೆಚ್ಚುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ಹೆದ್ದಾರಿಯೂ ರೈಲು ಮಾರ್ಗವೂ ಮುಚ್ಚಿದವು. 2024ರ ಜುಲೈ ಅಂತ್ಯದಲ್ಲಿ ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ಸುಮಾರು ಎರಡು ವಾರ ರೈಲು ಸಂಚಾರ ನಿಂತಿತು. ಗುಡ್ಡದ ಮೇಲಿನ ವಿಮಾನ ನಿಲ್ದಾಣಕ್ಕೆ ಬರುವ ವಿಮಾನಗಳು ಮಳೆ, ಮಂಜಿನಿಂದಾಗಿ ಬೇರೆಡೆ ಇಳಿಯುವುದೂ ಉಂಟು. ಕಚೇರಿಗೆ ಹಾಜರಾಗುವ ದಿನಗಳನ್ನು ಜೂನ್ ಮೊದಲೇ ಅಥವಾ ಸೆಪ್ಟೆಂಬರ್ ಬಳಿಕ ಇಟ್ಟುಕೊಳ್ಳಲು ಮೇಲಧಿಕಾರಿಯೊಂದಿಗೆ ಮಾತನಾಡಿಕೊಳ್ಳುವುದು ಉತ್ತಮ.

ಕಾನೂನು ಮತ್ತು ಕಂಪನಿಯ ಪತ್ರ

ಮನೆಯಿಂದ ದುಡಿಮೆಗೆ ಅಡ್ಡಿಯಾಗಿದ್ದ ಕೆಲವು ನಿಯಮಗಳು ಕೋವಿಡ್ ಬಳಿಕ ಸಡಿಲವಾಗಿವೆ. ಹೊರಗುತ್ತಿಗೆ ಕಂಪನಿಗಳ ನೋಂದಣಿ ಕಡ್ಡಾಯವನ್ನು ಕೇಂದ್ರ ದೂರಸಂಪರ್ಕ ಇಲಾಖೆ 2020ರ ನವೆಂಬರ್‌ನಲ್ಲಿ ಕೈಬಿಟ್ಟಿತು. ವಿಶೇಷ ಆರ್ಥಿಕ ವಲಯದ ಘಟಕಗಳ ಉದ್ಯೋಗಿಗಳು ಮನೆಯಿಂದ ದುಡಿಯಲು 2022ರ ಜುಲೈನಲ್ಲಿ 43ಎ ಎಂಬ ನಿಯಮ ಸೇರಿಸಲಾಯಿತು. ಆದರೆ ಇವು ಕಂಪನಿಗೆ ನೀಡಿದ ಅನುಮತಿಗಳು; ಉದ್ಯೋಗಿಗೆ ದೊರೆತ ಹಕ್ಕುಗಳಲ್ಲ. ಕರೆದಾಗ ಕಚೇರಿಗೆ ಹೋಗಲೇಬೇಕು.

ಕರೆಗಳೂ ಬಂದಿವೆ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ಉದ್ಯೋಗಿಗಳು ವಾರದ ಐದೂ ದಿನ ಕಚೇರಿಗೆ ಬರಬೇಕೆಂದಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ಹಲವು ಶ್ರೇಣಿಗಳ ಉದ್ಯೋಗಿಗಳಿಗೆ ತಿಂಗಳಿಗೆ 10 ದಿನದ ಹಾಜರಾತಿ ವಿಧಿಸಿತು. ಹೀಗಾಗಿ ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳವೆಂದು ಯಾವ ಊರಿನ ಹೆಸರಿದೆ, ಮರಳಿ ಕರೆಯುವಾಗ ಎಷ್ಟು ದಿನಗಳ ಸೂಚನೆ ನೀಡಬೇಕು ಎಂಬ ಎರಡು ಸಂಗತಿಗಳನ್ನು ನೋಡಿಕೊಳ್ಳದೆ ಮನೆಯ ಸಾಲ ಮಾಡುವುದಾಗಲಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸುವುದಾಗಲಿ ಸಲ್ಲದು. ಮೇಲಧಿಕಾರಿಯ ಬಾಯಿಮಾತಿನ ಒಪ್ಪಿಗೆ ಆ ಅಧಿಕಾರಿ ವರ್ಗವಾಗುವವರೆಗೆ ಮಾತ್ರ.

ಕಂಪನಿಗೆ ಮಂಗಳೂರಿನಲ್ಲಿ ಅಥವಾ ಉಡುಪಿಯಲ್ಲಿ ಶಾಖೆಯಿದ್ದರೆ ಸ್ಥಿತಿ ಬೇರೆ. ಅಲ್ಲಿಗೆ ವರ್ಗಾವಣೆ ಪಡೆದವರಿಗೆ ಹಾಜರಾತಿಯ ನಿಯಮ ಹೊರೆಯಾಗದು. ಊರಿಗೆ ಮರಳಬಯಸುವವರು ಮನೆಯಿಂದ ದುಡಿಯುವ ಅನುಮತಿಗಿಂತ ಮೊದಲು ಈ ದಾರಿಯನ್ನು ಕೇಳಿನೋಡುವುದು ಸೂಕ್ತ.

ಉಳಿಯುವ ಪ್ರಶ್ನೆ

ಮಂಗಳೂರಿನ ಅನುಕೂಲಗಳು ಕಡಿಮೆಯೇನಲ್ಲ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಕೈಗೆಟಕುವ ದೂರದಲ್ಲಿವೆ, ಶಾಲೆಗಳಿಗೆ ಹೆಸರಿದೆ. ಕುಚ್ಚಲಕ್ಕಿಯ ಅನ್ನ, ಬಂಗುಡೆ ಸಾರು, ನೀರುದೋಸೆ ಬಡಿಸುವ ಸಣ್ಣ ಹೋಟೆಲುಗಳು ಪ್ರತಿ ಬೀದಿಯಲ್ಲಿಯೂ ಇವೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರ ನಡುವೆ ಕನ್ನಡದಲ್ಲಿ ವ್ಯವಹರಿಸಲು ಯಾವ ತೊಡಕೂ ಇಲ್ಲ.

ಬಾರ್ಬಡೋಸ್‌ನ ಅತಿಥಿ ವೀಸಾ ಮುಗಿದೊಡನೆ ಹೊರಟುಹೋಗುತ್ತಾನೆ. ಅಲ್ಲಿನ ಯೋಜನೆ ಮಾಡಿರುವುದೇ ಅದಕ್ಕಾಗಿ. ಕರಾವಳಿಗೆ ಬೇಕಾಗಿರುವುದು ಹಾಗೆ ಬಂದು ಹೋಗುವವರಲ್ಲ, ಬಂದು ಉಳಿಯುವವರು. ಅವರನ್ನು ಉಳಿಸಿಕೊಳ್ಳುವ ಶಕ್ತಿ ಪ್ರವಾಸೋದ್ಯಮದ ಫಲಕಗಳಿಗಿಂತ ಮಳೆಯಲ್ಲಿ ಕಡಿಯದ ವಿದ್ಯುತ್ ತಂತಿಗೆ, ಮೇ ತಿಂಗಳಲ್ಲಿ ಬತ್ತದ ನಲ್ಲಿಗೆ, ವರ್ಷವಿಡೀ ತೆರೆದಿರುವ ಘಟ್ಟದ ದಾರಿಗೆ ಹಾಗೂ ಇಲ್ಲಿಯೇ ಬಾಗಿಲು ತೆರೆಯುವ ಕಚೇರಿಗಳಿಗೆ ಇದೆ. ಇವು ನಾಲ್ಕೂ ಕೂಡಿಬರದಿದ್ದರೆ ಈಗ ಮರಳಿದವರ ಮಕ್ಕಳೂ ಮುಂದೊಂದು ದಿನ ಅದೇ ರಾತ್ರಿ ಬಸ್ಸು ಹತ್ತಬೇಕಾದೀತು.