ಕಲ್ಲಿನೊಳಗಿನ ಜೀವಿಗೆ ಹೆಸರು

ಅಮೆರಿಕದ ಭೂವಿಜ್ಞಾನಿ ಜೇಮ್ಸ್ ಹಾಲ್ 1883ರಲ್ಲಿ, ಸೀಳಿದ ಎಲೆಕೋಸಿನಂತೆ ಪದರ ಪದರವಾಗಿದ್ದ ಕಲ್ಲುಗಳಿಗೆ ‘ಕ್ರಿಪ್ಟೊಜೂನ್’, ಅಂದರೆ ಅಡಗಿದ ಪ್ರಾಣಿ ಎಂದು ಹೆಸರಿಟ್ಟರು. ಅದು ಪ್ರಾಣಿಯಾಗಿರಲಿಲ್ಲ. 1908ರಲ್ಲಿ ಜರ್ಮನಿಯ ಕಾಲ್ಕೋವ್‌ಸ್ಕಿ ಇಂತಹ ಕಲ್ಲುಗಳನ್ನು ಸ್ಟ್ರೊಮ್ಯಾಟೊಲೈಟ್ ಎಂದು ಕರೆದು, ಅತಿ ಸರಳ ಸಸ್ಯಜೀವಿಗಳೇ ಇವನ್ನು ಕಟ್ಟಿವೆ ಎಂದರು. ಕೋಶಗಳೇ ಕಾಣದಿರುವಾಗ ಇದನ್ನು ನಂಬುವುದು ಹೇಗೆ ಎಂದು 1931ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಸೀವರ್ಡ್ ಸಂದೇಹಪಟ್ಟರು.

ಉತ್ತರ ಸಿಕ್ಕಿದ್ದು ಸೂಕ್ಷ್ಮದರ್ಶಕದಲ್ಲಿ. 1954ರಲ್ಲಿ ಟೈಲರ್ ಮತ್ತು ಬಾರ್ಗೂರ್ನ್, ಕೆನಡಾದ ಗನ್‌ಫ್ಲಿಂಟ್ ಶಿಲೆಯನ್ನು ಬೆಳಕು ಹಾಯುವಷ್ಟು ತೆಳುವಾಗಿ ಕೊಯ್ದು, ಸಿಲಿಕದಲ್ಲಿ ಹುದುಗಿ ಉಳಿದ ಎಳೆಗಳನ್ನೂ ಗುಂಡು ಕೋಶಗಳನ್ನೂ ತೋರಿಸಿದರು. ಅವುಗಳ ವಯಸ್ಸು ಸುಮಾರು 188 ಕೋಟಿ ವರ್ಷ. 1976ರಲ್ಲಿ ಹಾಫ್‌ಮನ್ ಬೆಲ್ಚರ್ ದ್ವೀಪಗಳ ಶಿಲೆಯಲ್ಲಿ ಕಂಡ ಕೋಶಗಳನ್ನು, ಇಂದೂ ಬದುಕಿರುವ ಎಂಟೊಫೈಸಾಲಿಸ್ ಎಂಬ ಸಯನೋಬ್ಯಾಕ್ಟೀರಿಯಾದ ಜತೆ ಹೋಲಿಸಿ ಹೆಸರಿಸಿದರು.

ಆದರೆ ಹೋಲಿಕೆಯೊಂದೇ ಸಾಕ್ಷಿಯಲ್ಲ. 1993ರಲ್ಲಿ ವಿಲಿಯಂ ಶಾಫ್, ಆಸ್ಟ್ರೇಲಿಯಾದ ಸುಮಾರು 346 ಕೋಟಿ ವರ್ಷ ಹಳೆಯ ಶಿಲೆಯಲ್ಲಿ 11 ಬಗೆಯ ಸೂಕ್ಷ್ಮಜೀವಿಗಳನ್ನು ಗುರುತಿಸಿದರು. ಕೆಲವು ಸಯನೋಬ್ಯಾಕ್ಟೀರಿಯಾ ಇರಬಹುದೆಂದರು. ಅವು ಭೂಗರ್ಭದ ಬಿಸಿನೀರಿನ ಚಟುವಟಿಕೆಯಿಂದಾದ ಇಂಗಾಲದ ಆಕೃತಿಗಳಷ್ಟೇ ಎಂದು 2002ರಲ್ಲಿ ಮಾರ್ಟಿನ್ ಬ್ರೇಸಿಯರ್ ವಾದಿಸಿದರು.

ಇದು ಬರೀ ಹೆಸರಿನ ಜಗಳವಲ್ಲ. ಭೂಮಿಯ ಗಾಳಿಗೆ ಮೊದಲು ಆಮ್ಲಜನಕ ತುಂಬಿದವು ಈ ಜೀವಿಗಳೇ. ಅವುಗಳ ಹುಟ್ಟಿನ ಕಾಲ ತಪ್ಪಿದರೆ, ನಾವೆಲ್ಲರೂ ಉಸಿರಾಡುವ ಗಾಳಿಯ ಚರಿತ್ರೆಯೇ ತಪ್ಪಿಹೋಗುತ್ತದೆ.