ಮಂಗಳೂರ ಸಮಾಚಾರ

ಮಂಗಳೂರ ಸಮಾಚಾರ ಕನ್ನಡದ ಮೊದಲ ವೃತ್ತಪತ್ರಿಕೆ. ಇದರ ಮೊದಲ ಸಂಚಿಕೆ 1843ರ ಜುಲೈ 1ರಂದು ಮಂಗಳೂರಿನಲ್ಲಿ ಪ್ರಕಟವಾಯಿತು. ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ಇದರ ಸಂಪಾದಕರು. ಪತ್ರಿಕೆಯು ಒಂದು ವರ್ಷ ಪೂರೈಸುವ ಮೊದಲೇ ಬಳ್ಳಾರಿಗೆ ಸ್ಥಳಾಂತರಗೊಂಡರೂ ಕನ್ನಡ ಪತ್ರಿಕೋದ್ಯಮದ ಇತಿಹಾಸವು ಇದರಿಂದಲೇ ಆರಂಭವಾಗುತ್ತದೆ.

ಹಿನ್ನೆಲೆ

ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿದ್ದ ಕೆನರಾ ಜಿಲ್ಲೆಯ ಕೇಂದ್ರವಾಗಿತ್ತು. ಊರಿನ ಜನರು ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮೊದಲಾದ ಭಾಷೆಗಳನ್ನು ಆಡುತ್ತಿದ್ದರು. ಬರವಣಿಗೆಗೂ ವ್ಯವಹಾರಕ್ಕೂ ಕನ್ನಡ ಬಳಕೆಯಲ್ಲಿತ್ತು. ಹಲವು ಸಮುದಾಯಗಳನ್ನು ಒಟ್ಟಿಗೆ ತಲುಪಲು ಕನ್ನಡವೇ ಅನುಕೂಲವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿತು.

ಸ್ವರೂಪ

ನಾಲ್ಕು ಪುಟಗಳ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. ಕಲ್ಲಚ್ಚಿನ ಕ್ರಮದಲ್ಲಿ ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ತೇವಗೊಳಿಸಿ ಶಾಯಿ ಸವರಲಾಗುತ್ತದೆ. ಶಾಯಿಯು ಬರಹಕ್ಕೆ ಮಾತ್ರ ಅಂಟಿ, ಅದು ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದ ಪತ್ರಿಕೆಯ ಅಕ್ಷರಗಳು ಕೈಬರಹದ ರೂಪದಲ್ಲಿಯೇ ಇದ್ದವು. ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಪರಸ್ಥಳಗಳ ಸುದ್ದಿ, ನೀತಿಬೋಧೆ ಹಾಗೂ ಕಥೆಗಳಿಗೆ ಇದರಲ್ಲಿ ಸ್ಥಾನವಿತ್ತು. ಮತಪ್ರಚಾರವು ಮಿಶನ್ನಿನ ಉದ್ದೇಶವಾಗಿದ್ದರೂ ಆಡಳಿತದ ವಿಷಯಗಳು ಸಾಮಾನ್ಯ ಓದುಗನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ದೊರೆಯುವಂತಾದುದು ಪತ್ರಿಕೆಯ ಹೆಚ್ಚುಗಾರಿಕೆ.

ಬಳ್ಳಾರಿಗೆ ಸ್ಥಳಾಂತರ

ಅಚ್ಚುಮೊಳೆಗಳಿಂದ ಕನ್ನಡವನ್ನು ಮುದ್ರಿಸುವ ಸೌಕರ್ಯವು ಬಳ್ಳಾರಿಯಲ್ಲಿ ಮೊದಲೇ ಇತ್ತು. 1844ರಲ್ಲಿ ಪತ್ರಿಕೆಯು ಅಲ್ಲಿಗೆ ಹೋಗಿ 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು. ಹೀಗೆ ಒಂದು ಊರಿನ ಹೆಸರು ಹೊತ್ತಿದ್ದ ಪತ್ರಿಕೆ ಒಂದು ಭಾಷೆಯ ಹೆಸರನ್ನು ಹೊತ್ತಿತು.

ಮಂಗಳೂರಿನ ಗಣ್ಯರು

ಪತ್ರಿಕೆ ಊರು ಬಿಟ್ಟರೂ ಮುದ್ರಣ, ಶಿಕ್ಷಣ ಹಾಗೂ ಸಮಾಜಸೇವೆಯ ಕಾರ್ಯಗಳು ಮಂಗಳೂರಿನಲ್ಲಿ ಬೆಳೆದವು. ಅವುಗಳೊಡನೆ ಸಂಬಂಧ ಹೊಂದಿದ ಕೆಲವರು:

ಹರ್ಮನ್ ಮೋಗ್ಲಿಂಗ್ (1811–1881): ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ ಜನನ. 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಪ್ರಕಟಿಸಿದರು.

ಫರ್ಡಿನಾಂಡ್ ಕಿಟೆಲ್ (1832–1903): ಇವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತು.

ಕುದ್ಮುಲ್ ರಂಗರಾವ್ (1859–1928): ವಕೀಲರು. ಅಸ್ಪೃಶ್ಯರೆಂದು ದೂರವಿಡಲಾಗಿದ್ದವರ ಮಕ್ಕಳಿಗಾಗಿ ಶಾಲೆಗಳನ್ನು ತೆರೆದು, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಸಹಿಸಿದರು.

ಪಂಜೆ ಮಂಗೇಶರಾಯರು (1874–1937): ಬಂಟವಾಳದಲ್ಲಿ ಜನಿಸಿ ಮಂಗಳೂರಿನಲ್ಲಿ ಅಧ್ಯಾಪಕರಾಗಿದ್ದರು. ಕನ್ನಡ ಶಿಶುಸಾಹಿತ್ಯದ ಆದ್ಯರಲ್ಲಿ ಒಬ್ಬರು.

ಕಡೆಂಗೋಡ್ಲು ಶಂಕರಭಟ್ಟ (1904–1968): ಕವಿ, ಕಾದಂಬರಿಕಾರ. ಮಂಗಳೂರಿನ 'ರಾಷ್ಟ್ರಬಂಧು' ಪತ್ರಿಕೆಯ ಸಂಪಾದಕರಾಗಿದ್ದರು.

ಮಹತ್ವ

ಪತ್ರಿಕೆಯ ಮೊದಲ ಸಂಚಿಕೆ ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತದೆ. ಊರಿನ ಸುದ್ದಿಯನ್ನು ದೂರದೇಶದ ಸುದ್ದಿಯೊಡನೆ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಓದುವ ರೂಢಿಗೆ ಮಂಗಳೂರ ಸಮಾಚಾರ ನಾಂದಿ ಹಾಡಿತು.