ರಾಟೆ, ಬೀಸುಕಲ್ಲು ಮತ್ತು ಹೆಣ್ಣಿನ ವಿದ್ಯೆ: ಕಲಬುರಗಿಯ ರೋಜಾ ಪರಿಸರದಿಂದ ಒಂದು ಟಿಪ್ಪಣಿ

1236ರಿಂದ 1240ರವರೆಗೆ ದೆಹಲಿಯನ್ನು ಆಳಿದ ರಜಿಯಾ ಸುಲ್ತಾನಳನ್ನು ಕವಿ ಇಸಾಮಿ ಕಟುವಾಗಿ ಟೀಕಿಸುತ್ತಾನೆ. ಹೆಣ್ಣಿಗೆ ತಕ್ಕ ಜಾಗ ಸಿಂಹಾಸನವಲ್ಲ, ರಾಟೆಯ ಮುಂದಿನ ನೆಲ ಎಂಬುದು ಅವನ ಮಾತಿನ ತಾತ್ಪರ್ಯ. ಈ ಮಾತು ಬರುವುದು 1350ರಲ್ಲಿ ಮುಗಿದ ‘ಫುತೂಹುಸ್ಸಲಾತೀನ್’ ಎಂಬ ಪಾರಸಿ ಕಾವ್ಯದಲ್ಲಿ. ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಅಲಾವುದ್ದೀನ್ ಬಹಮನ್ ಶಾಹನಿಗೆ ಕವಿ ಅದನ್ನು ಅರ್ಪಿಸಿದ್ದಾನೆ. ಭಾರತದಲ್ಲಿ ನೂಲುವ ರಾಟೆಯ ಮೊದಲ ಖಚಿತ ಉಲ್ಲೇಖವೆಂದು ಇತಿಹಾಸಕಾರ ಇರ್ಫಾನ್ ಹಬೀಬ್ ಗುರುತಿಸಿದ್ದು ಇದನ್ನೇ. ಯಂತ್ರದ ಚರಿತ್ರೆಗೆಂದು ಓದಲಾದ ಆ ಮಾತನ್ನು ಹೆಣ್ಣಿನ ವಿದ್ಯೆಯ ಚರಿತ್ರೆಗೂ ಓದಬೇಕು ಎಂಬುದು ನನ್ನ ವಾದ.

ಏಕೆಂದರೆ ಇದೇ ಮಾತು ಅದಕ್ಕೂ ಸುಮಾರು 1,600 ವರ್ಷ ಮೊದಲು ಗ್ರೀಸಿನಲ್ಲಿ ಕೇಳಿಬಂದಿತ್ತು. ಮರೋನೆಯಾ ಊರಿನ ಹಿಪಾರ್ಕಿಯಾ ಸಿನಿಕ ಪಂಥದ ಕ್ರಾಟಿಸ್‌ನನ್ನು ಮದುವೆಯಾಗಿ ಅವನಂತೆಯೇ ಬಡತನದ, ಬಯಲಿನ ಬದುಕನ್ನು ಆರಿಸಿಕೊಂಡವಳು. ಔತಣವೊಂದರಲ್ಲಿ ಥಿಯೊಡೊರಸ್ ಎಂಬ ತತ್ತ್ವಜ್ಞನನ್ನು ಅವಳು ತರ್ಕದಲ್ಲಿ ಕಟ್ಟಿಹಾಕಿದಳು. ಉತ್ತರ ತೋಚದ ಆತ, ಮಗ್ಗ ಬಿಟ್ಟುಬಂದ ಹೆಂಗಸು ಇವಳೇ ಏನು ಎಂದು ಚುಚ್ಚಿದ. ಮಗ್ಗದ ಮುಂದೆ ಕಳೆಯಬೇಕಿದ್ದ ಹೊತ್ತನ್ನು ಓದಿಗೆ ಕೊಟ್ಟದ್ದು ತಪ್ಪೇ ಎಂದು ಅವಳು ಮರುಪ್ರಶ್ನೆ ಹಾಕಿದಳೆಂದು ಡಯೊಜೆನಿಸ್ ಲೇರ್ಷಿಯಸ್ ದಾಖಲಿಸಿದ್ದಾನೆ. ಪ್ಲೇಟೊನ ಅಕಾಡೆಮಿಯಲ್ಲಿ ಕಲಿತ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಅವನೇ ಕೊಡುತ್ತಾನೆ: ಮಾಂಟಿನೆಯಾದ ಲಾಸ್ತೆನೆಯಾ, ಫ್ಲಿಯಸ್‌ನ ಆಕ್ಸಿಯೊಥಿಯಾ. ಇವರಲ್ಲಿ ಆಕ್ಸಿಯೊಥಿಯಾ ಗಂಡಸರ ಉಡುಪು ತೊಡುತ್ತಿದ್ದಳಂತೆ. ಒಬ್ಬಳು ಮಗ್ಗ ಬಿಡಬೇಕಾಯಿತು, ಇನ್ನೊಬ್ಬಳು ಉಡುಪು ಬದಲಿಸಿದಳು.

ನಮ್ಮ ಭಾಗದ ವಿದ್ಯಾಕೇಂದ್ರಗಳಲ್ಲೂ ಹೆಣ್ಣಿಗೆ ಎಡೆಯಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನ ಇಡೀ ನಾಡು ಹೆಮ್ಮೆಪಡುವ ನೆಲೆ. ಅಲ್ಲಿಯ 1058ರ ಶಾಸನ ವೇದ, ಶಾಸ್ತ್ರ ಕಲಿಯುವ ಸುಮಾರು 250 ವಿದ್ಯಾರ್ಥಿಗಳ, ಅವರ ಗುರುಗಳ, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರ ಏರ್ಪಾಟನ್ನು ವಿವರವಾಗಿ ಹೇಳುತ್ತದೆ. ಆ ಏರ್ಪಾಟು ಗಂಡುಮಕ್ಕಳದು. ಹೆಣ್ಣಿನ ಕಲಿಕೆಯ ಕುರುಹನ್ನು ಹುಡುಕುವವರು ಶಾಸನ ಬಿಟ್ಟು ದುಡಿಮೆಯ ಜಾಗಕ್ಕೇ ಬರಬೇಕು.

ಅಲ್ಲಿ ಸಿಗುವವಳು ಕದಿರ ರೆಮ್ಮವ್ವೆ. ಕದಿರು ತಿರುಹುವ ಕಾಯಕದ ಶರಣೆ. ಅವಳ ಹೆಸರಿನಲ್ಲಿ ಉಳಿದಿರುವುದು ಕೆಲವೇ ವಚನ. ಅವುಗಳಲ್ಲೊಂದರಲ್ಲಿ ತನ್ನ ರಾಟೆಯ ಕುಲಜಾತಿಯನ್ನು ವಿವರಿಸುತ್ತಾಳೆ: ಅಡಿಯ ಹಲಗೆ, ಮೇಲಿನ ತೋರಣ, ನಿಂತ ಬೊಂಬೆ, ಒಂದೊಂದೂ ತ್ರಿಮೂರ್ತಿಗಳಲ್ಲಿ ಒಬ್ಬೊಬ್ಬರು. ನೂಲುವುದು ಅವಳಿಗೆ ತತ್ತ್ವವನ್ನೇ ಬಿಡಿಸಿ ತೋರಿಸುವ ಕ್ರಮ. ವಿಜಯಾ ರಾಮಸ್ವಾಮಿ ಅವರು ರೆಮ್ಮವ್ವೆಯ ವಚನವನ್ನು ಆಧಾರವಾಗಿಟ್ಟು, ದಕ್ಷಿಣದಲ್ಲಿ ರಾಟೆ 12ನೆಯ ಶತಮಾನದಲ್ಲೇ ಇತ್ತೆಂದು ವಾದಿಸಿದರು. ವಚನಗಳು ನಮಗೆ ದೊರೆತಿರುವುದು ಆಮೇಲಿನ ಕಾಲದ ಓಲೆಪ್ರತಿಗಳಲ್ಲಿ. ಹಾಗಾಗಿ ಆ ಕಾಲನಿರ್ಣಯವನ್ನು ನಾನು ಒತ್ತಿ ಹೇಳಲಾರೆ. ನನಗೆ ಮುಖ್ಯವಾದದ್ದು ವಚನದ ಧಾಟಿ. ಅವಳು ಅಣ್ಣಂದಿರನ್ನು ಕರೆದು ಕೂರಿಸಿ ಹೇಳುತ್ತಾಳೆ. ಹೇಳುವವಳು ಹೆಣ್ಣು, ಕೇಳುವವರು ಗಂಡಸರು. ಥಿಯೊಡೊರಸ್ ಮತ್ತು ಇಸಾಮಿ ಯಾವುದನ್ನು ಹೆಣ್ಣಿನ ಬಾಯಿ ಕಟ್ಟಲು ಬಳಸಿದರೋ, ಅದರ ಮುಂದೆಯೇ ಕೂತು ಅವಳು ಗುರುವಾಗಿದ್ದಾಳೆ.

ಈಗ ಕಲಬುರಗಿಯ ದರ್ಗಾದ ಪರಿಸರವಾದ ರೋಜಾಕ್ಕೆ ಬರೋಣ. ದೆಹಲಿಯ ಮೇಲೆ ತೈಮೂರನ ದಾಳಿಯಾದ ಹೊತ್ತಿನಲ್ಲಿ ಹೊರಟು ಕಲಬುರಗಿಗೆ ಬಂದು ನೆಲೆಸಿದ ಸೂಫಿ ಸಂತ ಖಾಜಾ ಬಂದೇನವಾಜರು 1422ರಲ್ಲಿ ಇಲ್ಲಿಯೇ ತೀರಿಕೊಂಡರು. ದಖನಿಯ ‘ಚಕ್ಕಿನಾಮಾ’ಗಳಲ್ಲಿ, ಎಂದರೆ ಬೀಸುವ ಪದಗಳಲ್ಲಿ, ಒಂದು ಅವರ ಹೆಸರಿನಲ್ಲಿದೆ. ಈ ಹೆಸರನ್ನು ಎಚ್ಚರದಿಂದ ಒಪ್ಪಬೇಕು. ಬಹುಕಾಲ ಅವರದೇ ಎನ್ನಲಾಗುತ್ತಿದ್ದ ‘ಮಿರಾಜುಲ್ ಆಶಿಕೀನ್’ ನಂತರದವರೊಬ್ಬರ ಕೃತಿಯೆಂದು ಹಫೀಜ್ ಕತೀಲ್ ತೋರಿಸಿಕೊಟ್ಟಿದ್ದಾರೆ. ಪ್ರಕಾರವಾಗಿ ಚಕ್ಕಿನಾಮಾ ಮತ್ತು ನೂಲುವ ‘ಚರಖಾನಾಮಾ’ ಚೆನ್ನಾಗಿ ಬೆಳೆದದ್ದು 17ನೆಯ ಶತಮಾನದ ವಿಜಯಪುರದ ಸೂಫಿಗಳಲ್ಲಿ. ಇವುಗಳ ಮೇಲೆ ರಿಚರ್ಡ್ ಈಟನ್ 1974ರಲ್ಲಿ ಬರೆದ ಲೇಖನ ಇಂದಿಗೂ ಓದಬೇಕಾದದ್ದು. ಬೀಸುಕಲ್ಲಿನ ನೆಟ್ಟಗಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ, ಅದರ ಮೂಲಕ ದೇವರಿಗೆ ಹೋಲಿಸುವ ಪದವೊಂದು ಅಲ್ಲಿದೆ; ನಡುವಿನ ಕೀಲು ಪ್ರವಾದಿ. ಓದು ಬಾರದ ಹೆಣ್ಣುಮಗಳು ಜೋಳ ಬೀಸುತ್ತ ಅಕ್ಷರಮಾಲೆಯ ಮೊದಲ ಅಕ್ಷರವನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಮಗ್ಗುಲಲ್ಲಿ ಮಲಗಿದ ಮಗುವಿನ ಕಿವಿಗೂ ಅದು ಬೀಳುತ್ತದೆ. ಹಿಂದೂ ಮುಸ್ಲಿಂ ಎನ್ನದೆ ಹಳ್ಳಿಯ ಮನೆಗಳಿಗೆ ಸೂಫಿ ವಿಚಾರ ಹಬ್ಬಿದ್ದಕ್ಕೆ ಈಟನ್ ಕೊಡುವ ಕಾರಣ ಇದೇ.

ರೆಮ್ಮವ್ವೆಯ ವಚನಕ್ಕೂ ಈ ಪದಗಳಿಗೂ ಕಟ್ಟೋಣ ಒಂದೇ: ದುಡಿಮೆಯ ಸಾಧನದ ಭಾಗಗಳನ್ನು ಎಣಿಸುತ್ತ ಒಂದೊಂದಕ್ಕೆ ಒಂದೊಂದು ತತ್ತ್ವ. ವಚನದಿಂದ ಸೂಫಿಗಳು ಕಲಿತರು ಎಂದು ನಾನು ಹೇಳುತ್ತಿಲ್ಲ. ಎರಡಕ್ಕೂ ತಳದಲ್ಲಿ ಹೆಂಗಸರದೇ ಆದ ಬೀಸುವ, ಕುಟ್ಟುವ ಹಾಡುಗಳ ಹಳೆಯ ಬಳಕೆಯಿದ್ದಿರಬೇಕು ಎಂದು ನನ್ನ ಊಹೆ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಆ ಬಳಕೆಯ ಸಿರಿಯನ್ನು ಕಣ್ಣಿಗೆ ಕಾಣಿಸಿದರು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಚಕ್ಕಿನಾಮಾದಲ್ಲಿ ಕಟ್ಟಿದವರು ಗಂಡಸರು, ಹಾಡಿದವರು ಹೆಂಗಸರು. ವಿದ್ಯೆ ಅವರ ಅಡುಗೆಮನೆಗೆ ಬಂತು ನಿಜ, ಅವರನ್ನು ಬೀಸುಕಲ್ಲಿನಿಂದ ಎಬ್ಬಿಸಲಿಲ್ಲ. ಹಿಪಾರ್ಕಿಯಾ ಕೇಳಿದ ಹೊತ್ತು ಅವರಿಗೆ ಸಿಗಲಿಲ್ಲ.

ಆ ಹೊತ್ತು ಸಿಕ್ಕದ್ದು ಬಹಳ ತಡವಾಗಿ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗಳೇ ವಿರಳವಾಗಿದ್ದ 1930ರ ದಶಕದಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗೆಂದೇ ಶಾಲೆ ತೆರೆದರು. ರೋಜಾದ ದರ್ಗಾದ ಸಜ್ಜಾದಾನಶೀನರು, ಎಂದರೆ ಪೀಠಾಧಿಪತಿಗಳು, ಕಟ್ಟಿದ ಖಾಜಾ ಶಿಕ್ಷಣ ಸಂಸ್ಥೆ ಮಹಿಳಾ ಕಾಲೇಜು ನಡೆಸುತ್ತಿದೆ. ಅದಕ್ಕೆ ಬಂದೇನವಾಜರ ಪತ್ನಿ ಬೀಬಿ ರಜಾ ಅವರ ಹೆಸರು.

ಮುಂದಿನ ಕೆಲಸ ಕ್ಷೇತ್ರದ್ದು. ರೋಜಾದ ಓಣಿಗಳಿಂದ ಕಮಲಾಪುರದ ಹಳ್ಳಿಗಳವರೆಗೆ ಗಿರಣಿ ಬರುವ ಮುಂಚೆ ಬೀಸಿದ ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರಿಗೆ ನೆನಪಿರುವ ದಖನಿ ಮತ್ತು ಕನ್ನಡ ಪದಗಳನ್ನು ಬೇರೆ ಬೇರೆ ಸಂಗ್ರಹಗಳಲ್ಲಿ ಇಡದೆ ಅಕ್ಕಪಕ್ಕದಲ್ಲಿಟ್ಟು ಬರೆದುಕೊಳ್ಳಬೇಕು. ಪ್ರತಿ ಪದವನ್ನೂ ಯಾರಿಂದ ಕಲಿತಿರಿ ಎಂದು ಕೇಳಿ, ತಾಯಿ, ಅತ್ತೆ, ಗುರು, ಯಾರ ಹೆಸರು ಬಂದರೂ ಪದದ ಜೊತೆಗೇ ದಾಖಲಿಸಬೇಕು.